ಲೋಡ್ ಹತ್ತುವ ಮುಂಚೆ ಲಾರಿ ಚೆಕ್ ಮಾಡುವ ಕ್ರಮ: ಕೋಲಾರದ ಮಂಡಿಯಿಂದ ಮೊಗಿಲಿ ಘಾಟ್ ಇಳಿಯುವವರೆಗೆ

ಕೋಲಾರ ಎಪಿಎಂಸಿಯಿಂದ ಮೊಗಿಲಿ ಘಾಟ್ ಇಳಿದು ಚೆನ್ನೈ ಕಡೆಗೆ ಟೊಮೆಟೊ ಹೊತ್ತು ಹೊರಡುವ ಡ್ರೈವರ್‌ಗಳು ಗಾಡಿ ನೋಡುವುದೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ನೋಡುತ್ತಾರೆ. ಆದರೆ ನೋಡುವ ಹೊತ್ತು ತಪ್ಪು, ನೋಡುವ ಕ್ರಮ ತಪ್ಪು. ಲೋಡ್ ತುಂಬಿ, ಹಗ್ಗ ಬಿಗಿದು, ಬಿಲ್ ಕೈಗೆ ಬಂದ ಮೇಲೆ ಕತ್ತಲಲ್ಲಿ ಟೈರ್‌ಗೆ ಒಂದು ಒದೆ. ಇಂಜಿನ್ ಓಡುತ್ತಿರುವಾಗಲೇ ಬ್ರೇಕ್ ಪೆಡಲ್ ಎರಡು ಸಲ ಒತ್ತಿ, 'ಏರ್ ಇದೆ' ಅಂತ ಹೊರಟುಬಿಡುತ್ತಾರೆ.

ಇದರಲ್ಲಿ ಎರಡು ತೊಂದರೆ. ಇಂಜಿನ್ ಓಡುತ್ತಿದ್ದರೆ ಕಂಪ್ರೆಸರ್ ಬ್ರೇಕ್ ಹಿಡಿಯಲು ಬೇಕಾದ ಗಾಳಿಯನ್ನು, ಅಂದರೆ ಏರ್ ಅನ್ನು, ತುಂಬುತ್ತಲೇ ಇರುತ್ತದೆ. ಪೈಪ್‌ನಲ್ಲಿ ಸೋರಿಕೆ ಇದ್ದರೂ ಮೀಟರ್ ಮುಳ್ಳು ಇಳಿಯುವುದಿಲ್ಲ. ಎರಡನೆಯದು, ಲೋಡ್ ಹತ್ತಿದ ಮೇಲೆ ದೋಷ ಸಿಕ್ಕರೂ ಯಾರೂ ಇಳಿಸಿ ರಿಪೇರಿ ಮಾಡಿಸುವುದಿಲ್ಲ. ಮಾಲು ಹಣ್ಣು, ಮಾರ್ಕೆಟ್ ಕಾಯುವುದಿಲ್ಲ, ಮಂಡಿಯವರು ಫೋನ್ ಮಾಡುತ್ತಲೇ ಇರುತ್ತಾರೆ. 'ಚೆನ್ನೈ ಮುಟ್ಟಿ ನೋಡೋಣ' ಅನ್ನುವ ಮಾತು ಅಲ್ಲಿಂದಲೇ ಹುಟ್ಟುವುದು.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕ್ರಮಕ್ಕೇ ಜಾಸ್ತಿ ಒತ್ತು. ಖಾಲಿ ಗಾಡಿ, ಹಗಲು ಬೆಳಕು, ಆರಿದ ಇಂಜಿನ್. ಈ ಮೂರೂ ಒಟ್ಟಿಗೆ ಸಿಗುವುದು ಲೋಡ್‌ಗೆ ಪಾಳಿ ಕಾಯುವಾಗ. ಆ ಹೊತ್ತಿನಲ್ಲಿ ಮುಕ್ಕಾಲು ಗಂಟೆ ಇದಕ್ಕೆ ಕೊಡಿ. ಇಲ್ಲಿ ಹೇಳಿರುವುದು ಆರು ಟೈರ್, ಹತ್ತು ಟೈರ್ ಲಾರಿಗಳಿಗೆ, ಅಂದರೆ ಪೂರ್ತಿ ಏರ್ ಬ್ರೇಕ್ ಇರುವ ಗಾಡಿಗಳಿಗೆ. ಚಿಕ್ಕ ಪಿಕಪ್ ಗಾಡಿಗಳ ಎಣ್ಣೆ ಬ್ರೇಕ್‌ಗೆ ಬ್ರೇಕ್ ಹಂತ ಅನ್ವಯಿಸುವುದಿಲ್ಲ, ಉಳಿದದ್ದು ಅನ್ವಯಿಸುತ್ತದೆ.

## ಕೈಯಲ್ಲಿ ಏನೇನು ಇರಬೇಕು

ಚಕ್ರಕ್ಕೆ ಅಡ್ಡ ಕೊಡಲು ಎರಡು ಗಟ್ಟಿ ಮರದ ತುಂಡು. ಕಲ್ಲು ಬೇಡ, ಅದು ಜಾರುತ್ತದೆ, ಒಡೆಯುತ್ತದೆ. ಟೈರ್ ಗಾಳಿ ನೋಡುವ ಗೇಜ್, ಒಂದು ಕಬ್ಬಿಣದ ರಾಡ್, ಒಳ್ಳೆ ಟಾರ್ಚ್, ಸೀಮೆಸುಣ್ಣ, ಇಂಚು ಪಟ್ಟಿ, ಬಾಟಲಿಯಲ್ಲಿ ಸೋಪು ನೀರು, ಒರೆಸುವ ಬಟ್ಟೆ, ಒಂದು ನೋಟ್‌ಬುಕ್. ಇದರ ಜೊತೆ ಜಾಕಿ, ವೀಲ್ ಸ್ಪ್ಯಾನರ್, ಪ್ರತಿಫಲಿಸುವ ತ್ರಿಕೋನ, ಬೆಂಕಿ ನಂದಿಸುವ ಸಿಲಿಂಡರ್, ಫಸ್ಟ್ ಏಡ್ ಡಬ್ಬಿ ಗಾಡಿಯಲ್ಲೇ ಇರಬೇಕು.

ಜೊತೆಗೆ ಇನ್ನೊಬ್ಬರು ಬೇಕು. ಕ್ಲೀನರ್ ಇಲ್ಲದ ಗಾಡಿಗಳೇ ಈಗ ಜಾಸ್ತಿ. ಹಾಗಿದ್ದರೆ ಪಕ್ಕದ ಲಾರಿಯ ಡ್ರೈವರನ್ನು ಕರೆಯಿರಿ. ಅವರ ಗಾಡಿಗೆ ನೀವು ಪೆಡಲ್ ಒತ್ತಿ, ನಿಮ್ಮ ಗಾಡಿಗೆ ಅವರು ಒತ್ತಲಿ.

## ಹಂತ 1: ಗಾಡಿ ನಿಲ್ಲಿಸುವ ರೀತಿ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿ, ಚಾವಿ ಜೇಬಿಗೆ ಹಾಕಿಕೊಳ್ಳಿ. ಹಿಂದಿನ ಚಕ್ರಕ್ಕೆ ಮುಂದೂ ಹಿಂದೂ ಮರದ ತುಂಡು ಕೊಡಿ. ಇದಾಗದೆ ಗಾಡಿ ಕೆಳಗೆ ತಲೆ ಹಾಕಬೇಡಿ. ಮುಂದಿನ ಹಂತಗಳಲ್ಲಿ ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತದೆ, ಆಗ ಗಾಡಿಯನ್ನು ಹಿಡಿದಿರುವುದು ಈ ಮರವೊಂದೇ.

ಕೆಳಗೆ ನೆಲ ನೋಡಿ. ಗಾಡಿ ಸ್ವಲ್ಪ ಹೊತ್ತು ನಿಂತಿದ್ದ ಜಾಗದಲ್ಲಿ ಹೊಸ ಎಣ್ಣೆ ಕಲೆ, ಕೂಲಂಟ್, ಡೀಸೆಲ್ ಬಿದ್ದಿದೆಯಾ? ಎಲ್ಲಿಂದ ಬಿತ್ತು ಅಂತ ಮೇಲೆ ನೋಡಿಯೇ ಮುಂದೆ ಹೋಗಿ. ಹಿಂದಿನ ಹಬ್ ಹತ್ತಿರ ಎಣ್ಣೆ ಸುರಿದ ಗುರುತಿದ್ದರೆ ಅದು ಡ್ರಮ್ ಒಳಗೆ ಉಜ್ಜಿ ಚಕ್ರ ತಡೆಯುವ ಬ್ರೇಕ್ ಲೈನರ್‌ಗೆ ಇಳಿದಿರಬಹುದು. ಎಣ್ಣೆ ತಾಗಿದ ಲೈನರ್ ಹಿಡಿಯುವುದಿಲ್ಲ, ಬ್ರೇಕ್ ಒತ್ತಿದಾಗ ಗಾಡಿ ಇನ್ನೊಂದು ಬದಿಗೆ ಎಳೆಯುತ್ತದೆ.

## ಹಂತ 2: ಇಂಜಿನ್ ಭಾಗ, ಸ್ಟೀರಿಂಗ್

ಇಂಜಿನ್ ಆಯಿಲ್, ಕೂಲಂಟ್, ಸ್ಟೀರಿಂಗ್ ಆಯಿಲ್, ಬೆಲ್ಟ್ ಬಿಗಿ. ಇದನ್ನು ಬಹುತೇಕರು ಸರಿಯಾಗೇ ಮಾಡುತ್ತಾರೆ, ಹಾಗಾಗಿ ಉದ್ದ ಬೇಡ. ಒಂದೇ ಎಚ್ಚರಿಕೆ: ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಇಂಜಿನ್ ಸ್ಟಾರ್ಟ್ ಮಾಡಿ, ಮುಂದಿನ ಚಕ್ರ ನೇರ ಇಟ್ಟು ಸ್ಟೀರಿಂಗನ್ನು ನಿಧಾನವಾಗಿ ಆಡಿಸಿ. ಹೊರಗೆ ನಿಂತವರು ಚಕ್ರ ಯಾವಾಗ ಅಲುಗುತ್ತದೆ ಅಂತ ಹೇಳಲಿ. ಚಕ್ರ ಅಲುಗುವ ಮುಂಚೆ ಸ್ಟೀರಿಂಗ್ ಎಷ್ಟು ತಿರುಗಿತು ಅನ್ನುವುದೇ ಪ್ಲೇ. ಕಾನೂನು 30 ಡಿಗ್ರಿವರೆಗೆ ಬಿಡುತ್ತದೆ. ನನ್ನ ಪ್ರಕಾರ ಲೋಡ್ ಗಾಡಿಗೆ ಅದು ತುಂಬಾ ಜಾಸ್ತಿ. ಹತ್ತು ಡಿಗ್ರಿ ದಾಟಿತು ಅಂದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಕಿಂಗ್ ಪಿನ್ ಮೆಕ್ಯಾನಿಕ್‌ಗೆ ತೋರಿಸಿ. ಕೆಳಗೆ ನಿಂತವರು ಪ್ರತಿ ಜಾಯಿಂಟ್ ಮೇಲೆ ಕೈಯಿಟ್ಟು ನೋಡಿದರೆ ಲೂಸ್ ಎಲ್ಲಿದೆ ಅಂತ ಕೈಗೇ ಗೊತ್ತಾಗುತ್ತದೆ.

## ಹಂತ 3: ಏರ್ ಬ್ರೇಕ್

ಎಲ್ಲರೂ ಎಡವುವುದು ಇಲ್ಲೇ. ಒಂದರ ನಂತರ ಒಂದು, ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಬಿಟ್ಟರೆ ಮುಂದಿನದರ ಉತ್ತರ ತಪ್ಪು ಬರುತ್ತದೆ.

ಮೊದಲು ನೀರು ಬಿಡಿ. ಏರ್ ಟ್ಯಾಂಕ್ ಕೆಳಗಿನ ಡ್ರೈನ್ ವಾಲ್ವಿನ ರಿಂಗ್ ಎಳೆಯಿರಿ. ಒಂದೇ ಟ್ಯಾಂಕ್ ಅಲ್ಲ, ಎಲ್ಲ ಟ್ಯಾಂಕ್‌ಗಳದ್ದೂ. ಕೆಳಗೆ ಒಂದು ಬಟ್ಟೆ ಹಿಡಿದು ಏನು ಬಂತು ಅಂತ ನೋಡಿ. ಬರೀ ಗಾಳಿ ಬಂದರೆ ಸರಿ. ನಾಲ್ಕು ಹನಿ ನೀರು ಬಂದರೆ ಚಿಂತೆಯಿಲ್ಲ. ಏರ್ ಡ್ರೈಯರ್ ಇರುವ ಗಾಡಿಯಲ್ಲೂ ದಿನಾ ನೀರು ಸುರಿಯುತ್ತಿದ್ದರೆ ಡ್ರೈಯರ್ ಫಿಲ್ಟರ್ ಮುಗಿದಿದೆ ಅಂತ ಅರ್ಥ. ಬಟ್ಟೆ ಮೇಲೆ ಕಂದು ಬಣ್ಣದ ಜಿಡ್ಡು ಬಿದ್ದರೆ ಕಂಪ್ರೆಸರ್ ಇಂಜಿನ್ ಆಯಿಲನ್ನು ಲೈನ್‌ಗೆ ತಳ್ಳುತ್ತಿದೆ. ಆ ಎಣ್ಣೆ ವಾಲ್ವ್‌ಗಳ ರಬ್ಬರನ್ನು ಹಾಳು ಮಾಡುತ್ತದೆ. ಅದು ಕಂಪ್ರೆಸರ್ ರಿಪೇರಿಯ ಕೆಲಸ, ಮುಂದೂಡಬೇಡಿ.

ಏರ್ ತುಂಬಿಸಿ, ಹೊತ್ತು ನೋಡಿ. ಇಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲೇ ಬಿಡಿ. ಮುಳ್ಳು ಮೇಲೇರಿ, ಡ್ರೈಯರ್‌ನಿಂದ 'ಪುಸ್' ಅಂತ ಗಾಳಿ ಹೊರಗೆ ಬರುತ್ತದೆ. ಆಗ ಮೀಟರ್ ಎಷ್ಟು ತೋರಿಸುತ್ತಿದೆ, ಅಲ್ಲಿಗೆ ಬರಲು ಎಷ್ಟು ಹೊತ್ತು ಹಿಡಿಯಿತು, ಎರಡನ್ನೂ ಬರೆದಿಡಿ. ಬಹಳಷ್ಟು ಲಾರಿಗಳಲ್ಲಿ ಇದು 8 ಬಾರ್ (ಬಾರ್ ಅಂದರೆ ಗಾಳಿ ಒತ್ತಡದ ಅಳತೆ) ಆಸುಪಾಸು ಅಥವಾ ಅದಕ್ಕಿಂತ ಮೇಲೆ ಇರುತ್ತದೆ. ನಿಮ್ಮ ಗಾಡಿಯ ಅಂಕಿ ಕಂಪನಿ ಪುಸ್ತಕದಲ್ಲಿದೆ. ಬೇರೆ ಗಾಡಿ ಜೊತೆ ಹೋಲಿಸಬೇಡಿ. ನಿಮ್ಮದೇ ಗಾಡಿ ಹೋದ ವಾರಕ್ಕಿಂತ ನಿಧಾನ ಆಗಿದೆಯಾ ಅನ್ನುವುದೇ ಪ್ರಶ್ನೆ.

ಇಂಜಿನ್ ಆಫ್ ಮಾಡಿ ಸೋರಿಕೆ ನೋಡಿ. ಚಕ್ರದ ಮರ ಅಲ್ಲೇ ಇದೆಯಾ ಅಂತ ಮತ್ತೊಮ್ಮೆ ನೋಡಿ, ಹ್ಯಾಂಡ್ ಬ್ರೇಕ್ ಬಿಡಿ. ಪೆಡಲ್ ಮುಟ್ಟದೆ ಒಂದು ನಿಮಿಷ ಮುಳ್ಳು ನೋಡಿ. ಆಮೇಲೆ ಪೆಡಲ್ ಪೂರ್ತಿ ಒತ್ತಿ ಹಿಡಿಯಿರಿ. ಒತ್ತಿದ ತಕ್ಷಣ ಮುಳ್ಳು ಸ್ವಲ್ಪ ಇಳಿಯುತ್ತದೆ, ಅದು ಸಹಜ. ಅಲ್ಲಿಂದ ಒಂದು ನಿಮಿಷ ಲೆಕ್ಕ ಹಾಕಿ. ಆ ಒಂದು ನಿಮಿಷದಲ್ಲಿ 0.2 ಬಾರ್‌ಗಿಂತ ಜಾಸ್ತಿ ಇಳಿದರೆ ಸೋರಿಕೆ ಇದೆ. ಅಷ್ಟು ಚಿಕ್ಕ ಅಳತೆ ಮೀಟರ್‌ನಲ್ಲಿ ಓದುವುದು ಕಷ್ಟ, ಅಲ್ವಾ? ಅದಕ್ಕೇ ಒಂದು ಸುಲಭ ದಾರಿ: ಮುಳ್ಳು ಇಳಿಯುತ್ತಿರುವುದು ಬರಿಗಣ್ಣಿಗೆ ಕಾಣುತ್ತಿದೆ ಅಂದರೆ ಅದು ಜಾಸ್ತಿಯೇ.

ಪೆಡಲ್ ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬರು ಗಾಡಿ ಸುತ್ತ ನಡೆದು ಕಿವಿಗೊಡಬೇಕು. ಮಂಡಿ ಯಾರ್ಡ್‌ನ ಗಲಾಟೆಯಲ್ಲಿ ಸಣ್ಣ ಸದ್ದು ಕೇಳುವುದಿಲ್ಲ, ಹಾಗಾಗಿ ಜಾಯಿಂಟ್, ಹೋಸ್, ಬ್ರೇಕ್ ಚೇಂಬರ್ (ಗಾಳಿ ಒತ್ತಡದಿಂದ ಬ್ರೇಕ್ ತಳ್ಳುವ ಡಬ್ಬಿ) ಮೇಲೆ ಸೋಪು ನೀರು ಹಾಕಿ. ಗುಳ್ಳೆ ಬಂದಲ್ಲಿ ಸೋರಿಕೆ. ಹೋಸ್ ಚಾಸಿಗೆ ಉಜ್ಜಿ ಸವೆದಿದೆಯಾ ಅಂತಲೂ ಇದೇ ಹೊತ್ತಿನಲ್ಲಿ ನೋಡಿ. ಇನ್ಸುಲೇಶನ್ ಟೇಪ್ ಸುತ್ತಿದ ಹೋಸ್ ಕಂಡರೆ ಅದನ್ನು ಬದಲಿಸಿ.

ವಾರ್ನಿಂಗ್ ಬರುತ್ತದೆಯಾ ನೋಡಿ. ಇಂಜಿನ್ ಆಫ್‌ನಲ್ಲೇ ಇರಲಿ, ಚಾವಿ ಆನ್ ಮಾಡಿ. ಪೆಡಲ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಏರ್ ಖಾಲಿ ಮಾಡಿ. 5 ಬಾರ್ ಆಸುಪಾಸಿನಲ್ಲಿ ಕೆಂಪು ದೀಪ ಹತ್ತಬೇಕು, ಬಜರ್ ಕೂಗಬೇಕು. ಕೆಲವು ಗಾಡಿಗಳಲ್ಲಿ ಬಜರ್ ವೈರ್ ಕಿತ್ತಿರುತ್ತಾರೆ, 'ಸುಮ್ನೆ ಕೂಗುತ್ತೆ' ಅಂತ. ಅದು ಸುಮ್ನೆ ಕೂಗುವುದಿಲ್ಲ. ಇಳಿಜಾರಿನಲ್ಲಿ ಮೀಟರ್ ನೋಡಲು ಕಣ್ಣಿಗೆ ಬಿಡುವು ಇರುವುದಿಲ್ಲ, ಆಗ ನಿಮ್ಮನ್ನು ಎಚ್ಚರಿಸಲು ಅದೊಂದೇ ಇರುವುದು. ವೈರ್ ಹಾಕಿಸಿ.

ಪುಶ್ ರಾಡ್ ಎಷ್ಟು ಓಡುತ್ತದೆ ಅಳೆಯಿರಿ. ಮತ್ತೆ ಏರ್ ತುಂಬಿಸಿ ಇಂಜಿನ್ ಆಫ್ ಮಾಡಿ. ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಬ್ರೇಕ್ ಚೇಂಬರ್‌ನಿಂದ ಹೊರಗೆ ಬರುವ ರಾಡ್ ಮೇಲೆ, ಚೇಂಬರಿನ ಬಾಯಿಗೆ ಸರಿಯಾಗಿ ಸೀಮೆಸುಣ್ಣದ ಗೆರೆ ಹಾಕಿ, ಕೈ ದೂರ ತೆಗೆಯಿರಿ. ಒಳಗಿನವರು ಪೆಡಲ್ ಒತ್ತಲಿ. ಗೆರೆ ಎಷ್ಟು ಮುಂದೆ ಬಂತು ಅಂತ ಇಂಚು ಪಟ್ಟಿ ಇಟ್ಟು ನೋಡಿ. ಒಂದೂವರೆ ಇಂಚು ದಾಟಿದರೆ ಹೊರಡುವ ಮುಂಚೆ ಮೆಕ್ಯಾನಿಕ್‌ಗೆ ತೋರಿಸಿ. ಒಂದೇ ಆಕ್ಸಲ್‌ನ ಎಡ ಬಲ ಚಕ್ರದ ಅಳತೆ ಹೆಚ್ಚುಕಡಿಮೆ ಒಂದೇ ಇರಬೇಕು.

ಇದು ಯಾಕೆ ಮುಖ್ಯ ಅಂದರೆ, ಡ್ರಮ್ ಬಿಸಿಯಾದಾಗ ಹಿಗ್ಗುತ್ತದೆ. ಡ್ರಮ್ ಹಿಗ್ಗಿದಷ್ಟೂ ಲೈನರ್ ಇನ್ನೂ ದೂರ ಹೋಗಿ ಮುಟ್ಟಬೇಕು, ರಾಡ್ ಇನ್ನೂ ಉದ್ದ ಓಡಬೇಕು. ತಣ್ಣಗಿರುವಾಗಲೇ ರಾಡ್ ಕೊನೆಯ ಹತ್ತಿರ ಇದ್ದರೆ, ಬಿಸಿಯಾದಾಗ ಅದಕ್ಕೆ ಓಡಲು ಜಾಗವೇ ಇರುವುದಿಲ್ಲ. ಯಾರ್ಡ್‌ನಲ್ಲಿ ಚೆನ್ನಾಗಿ ಹಿಡಿದ ಬ್ರೇಕ್ ಘಾಟ್‌ನಲ್ಲಿ ಕೈಕೊಡುವುದು ಹೀಗೆ.

ಆಟೋ ಸ್ಲ್ಯಾಕ್ ಅಡ್ಜಸ್ಟರ್, ಅಂದರೆ ಲೈನರ್ ಸವೆದಂತೆ ರಾಡ್ ಓಟವನ್ನು ತಾನಾಗೇ ಸರಿಮಾಡುವ ಭಾಗ, ಇರುವ ಗಾಡಿಯಲ್ಲಿ ಸ್ಪ್ಯಾನರ್ ಹಾಕಿ ಬಿಗಿ ಮಾಡಿಕೊಂಡು ಹೊರಡುವ ಅಭ್ಯಾಸ ಬಿಡಿ. ಅದು ತಾನಾಗೇ ಸರಿಮಾಡಿಕೊಳ್ಳಬೇಕು. ಮಾಡಿಕೊಳ್ಳುತ್ತಿಲ್ಲ ಅಂದರೆ ಅಡ್ಜಸ್ಟರ್ ಹೋಗಿದೆ, ಇಲ್ಲವೇ ಬುಶ್, ಕ್ಯಾಮ್ ಸವೆದಿದೆ. ಕೈಯಲ್ಲಿ ಬಿಗಿ ಮಾಡಿದರೆ ಆ ದೋಷ ಎರಡು ದಿನ ಮುಚ್ಚಿಹೋಗುತ್ತದೆ, ಅಷ್ಟೇ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಕ್ಲೀನರ್ ಹುಡುಗರಿಗೂ ಹೇಳಿ. ಹಿಂದಿನ ಚಕ್ರದ ದೊಡ್ಡ ಬ್ರೇಕ್ ಚೇಂಬರ್ ಒಳಗೆ ಬಲವಾದ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ. ಅದರ ಕ್ಲ್ಯಾಂಪ್ ಬಿಚ್ಚಿದರೆ ಆ ಸ್ಪ್ರಿಂಗ್ ಸಿಡಿದು ಪ್ರಾಣ ತೆಗೆಯುತ್ತದೆ. ರಸ್ತೆ ಬದಿಯಲ್ಲಿ ಯಾವ ಕಾರಣಕ್ಕೂ ಅದನ್ನು ಬಿಚ್ಚಬೇಡಿ.

ಕೊನೆಗೆ ಓಡಿಸಿ ನೋಡಿ. ಹ್ಯಾಂಡ್ ಬ್ರೇಕ್ ಹಾಕಿ, ಮರ ತೆಗೆದು, ಸುತ್ತ ಯಾರೂ ಇಲ್ಲದಾಗ ಫಸ್ಟ್ ಗೇರ್‌ನಲ್ಲಿ ಕ್ಲಚ್ ಸ್ವಲ್ಪವೇ ಬಿಡಿ. ಗಾಡಿ ಅಲುಗಬಾರದು. ಆಮೇಲೆ ಹ್ಯಾಂಡ್ ಬ್ರೇಕ್ ಬಿಟ್ಟು ಯಾರ್ಡ್‌ನ ಖಾಲಿ ಜಾಗದಲ್ಲಿ 10 ಕಿ.ಮೀ. ವೇಗದಲ್ಲಿ ಹೋಗಿ ಗಟ್ಟಿಯಾಗಿ ಬ್ರೇಕ್ ಹಾಕಿ. ಒಂದು ಬದಿಗೆ ಎಳೆಯುತ್ತದೆಯಾ, ತಡವಾಗಿ ಹಿಡಿಯುತ್ತದೆಯಾ, ಪೆಡಲ್ ಬಿಟ್ಟ ಮೇಲೂ ಹಿಡಿದೇ ಇರುತ್ತದೆಯಾ ನೋಡಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಚಾವಿ ಹಾಕಿದಾಗ ಹತ್ತಿ, ಗಾಡಿ ಓಡಲು ಶುರುವಾದ ಮೇಲೆ ಆರಬೇಕು. ಆರದೇ ಇದ್ದರೆ ಬ್ರೇಕ್ ಇದೆ, ಎಬಿಎಸ್ ಇಲ್ಲ. ಮಳೆಯ ದಿನ ಆ ಗಾಡಿ ತೆಗೆದುಕೊಂಡು ಹೋಗಬೇಡಿ.

## ಹಂತ 4: ಟೈರ್, ಚಕ್ರ, ಪಟ್ಟಾ

ಟೈರ್‌ಗೆ ಒದ್ದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಿಂದಿನ ಜೋಡಿ ಟೈರ್‌ಗಳಲ್ಲಿ ಒಳಗಿನದು ಪಂಚರ್ ಆಗಿದ್ದರೂ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ. ನೋಡಲು ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಆ ಹೊರಗಿನ ಟೈರ್ ಎರಡು ಪಟ್ಟು ಭಾರಕ್ಕೆ ಕಾದು ಹೈವೇನಲ್ಲಿ ಸಿಡಿಯುತ್ತದೆ. ಗೇಜ್ ಹಾಕಲೇಬೇಕು, ಒಳಗಿನ ಟೈರ್‌ಗೂ ಹಾಕಬೇಕು. ರಾಡ್‌ನಿಂದ ಹೊಡೆದರೆ ಗಾಳಿ ಇರುವ ಟೈರ್ ಪುಟಿದು ಟಣ್ ಅನ್ನುತ್ತದೆ, ಇಲ್ಲದ್ದು ಧಪ್ ಅನ್ನುತ್ತದೆ. ಇದು ದಾರಿಯಲ್ಲಿ ನಿಂತಾಗ ಮಾಡುವ ಚುಟುಕು ಪರೀಕ್ಷೆ, ಗೇಜ್‌ಗೆ ಬದಲಿ ಅಲ್ಲ.

ಗಾಳಿ ನೋಡುವುದು ತಣ್ಣಗಿದ್ದಾಗ ಮಾತ್ರ. ಓಡಿದ ಟೈರ್‌ನಲ್ಲಿ ಒತ್ತಡ ಏರಿರುತ್ತದೆ. 'ಜಾಸ್ತಿ ಆಗಿದೆ' ಅಂತ ಬಿಸಿಯಲ್ಲೇ ಗಾಳಿ ಬಿಟ್ಟರೆ ತಣ್ಣಗಾದಾಗ ಕಮ್ಮಿ ಆಗಿರುತ್ತದೆ, ಕಮ್ಮಿ ಗಾಳಿಯ ಟೈರ್ ಇನ್ನೂ ಜಾಸ್ತಿ ಕಾಯುತ್ತದೆ. ಬೇಸಿಗೆಯಲ್ಲಿ ಚಿತ್ತೂರು, ರಾಣಿಪೇಟೆ ಕಡೆ ರಸ್ತೆ ಎಷ್ಟು ಕಾದಿರುತ್ತದೆ ಅಂತ ನಿಮಗೇ ಗೊತ್ತು.

ಜೋಡಿ ಟೈರ್‌ಗಳ ನಡುವೆ ಟಾರ್ಚ್ ಬಿಟ್ಟು ನೋಡಿ. ಕಲ್ಲು ಸಿಕ್ಕಿಕೊಂಡಿದೆಯಾ, ಎರಡೂ ಟೈರ್ ಒಂದಕ್ಕೊಂದು ತಾಗುತ್ತಿವೆಯಾ? ಟ್ರೆಡ್ ಆಳ 1.6 ಮಿಲಿಮೀಟರ್‌ಗಿಂತ ಕಮ್ಮಿ ಇದ್ದರೆ ಕಾನೂನಿನ ಪ್ರಕಾರವೇ ಆ ಟೈರ್ ರಸ್ತೆಗೆ ಇಳಿಯಬಾರದು. ಮುಂದಿನ ಟೈರ್‌ಗಳಿಗೆ ಅಷ್ಟರವರೆಗೂ ಕಾಯಬೇಡಿ. ರೀಟ್ರೆಡ್ ಟೈರನ್ನು, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಅಂಟಿಸಿದ ಟೈರನ್ನು, ಮುಂದೆ ಹಾಕಬೇಡಿ. ಹಿಂದಿನ ಟೈರ್ ಸಿಡಿದರೆ ಗಾಡಿ ನಿಲ್ಲಿಸಬಹುದು, ಮುಂದಿನದು ಸಿಡಿದರೆ ಸ್ಟೀರಿಂಗ್ ಕೈಯಲ್ಲಿ ಇರುವುದಿಲ್ಲ.

ವೀಲ್ ನಟ್ ಬಿಗಿಯನ್ನು ಕಣ್ಣಲ್ಲೇ ಓದಬಹುದು. ನಟ್‌ನಿಂದ ಹೊರಗೆ ತುಕ್ಕಿನ ಗೆರೆ ಇಳಿದಿದ್ದರೆ ಅದು ಲೂಸ್ ಆಗಿ ಆಡುತ್ತಿದೆ. ಪಂಚರ್ ಹಾಕಿಸಿ ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಲೇಬೇಕು. ಇದನ್ನು ಮರೆಯುವವರೇ ಜಾಸ್ತಿ.

ಪಟ್ಟಾಗಳಲ್ಲಿ, ಅಂದರೆ ಆಕ್ಸಲ್ ಮೇಲೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳಲ್ಲಿ, ಮುರಿದ ಜಾಗ ಹೊಳೆಯುತ್ತದೆ, ಯಾಕೆಂದರೆ ಎರಡು ತುಂಡು ಉಜ್ಜಿಕೊಳ್ಳುತ್ತಿರುತ್ತವೆ. ಯು ಬೋಲ್ಟ್, ಸೆಂಟರ್ ಬೋಲ್ಟ್ ನೋಡಿ. ಮೇನ್ ಪಟ್ಟಾ ಕಟ್ ಆಗಿದ್ದರೆ ಲೋಡ್ ಹಾಕಿಸಲೇಬೇಡಿ. ಆಕ್ಸಲ್ ಜಾಗ ಬಿಟ್ಟು ಸರಿದರೆ ಗಾಡಿ ನೇರ ಹೋಗುವುದೇ ಇಲ್ಲ.

## ಹಂತ 5: ದೀಪ, ಕಾಗದ

ಬ್ರೇಕ್ ದೀಪ, ಇಂಡಿಕೇಟರ್, ಹಿಂದಿನ ಕೆಂಪು ದೀಪ ಎಲ್ಲಕ್ಕಿಂತ ಮುಖ್ಯ. ಮಂಡಿಯಲ್ಲಿ ಹಿಂದಕ್ಕೆ ಬರುವಾಗ ಪ್ಲಾಟ್‌ಫಾರಂಗೆ ತಾಗಿ ಒಡೆಯುವುದು ಅವೇ. ಪ್ರತಿಫಲಿಸುವ ಟೇಪ್ ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ಕೆಸರು ಮುಚ್ಚಿದ್ದರೆ ಒರೆಸಿ. ಹಿಂದಿನ ಅಡ್ಡ ಕಂಬಿ, ಅಂದರೆ ಕಾರು ಬಂದು ಗುದ್ದಿದರೆ ಲಾರಿ ಕೆಳಗೆ ನುಗ್ಗದಂತೆ ತಡೆಯುವ ಕಂಬಿ, ಬಗ್ಗಿಲ್ಲವಾ ನೋಡಿ.

ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಟ್ಯಾಕ್ಸ್, ಎಮಿಶನ್, ಡಿಎಲ್. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ನಡೆಯುತ್ತದೆ, ಆದರೆ ಆಂಧ್ರ ಗಡಿಯ ನಂಗಲಿ ದಾಟುವ ಮುಂಚೆಯೇ ತೆರೆದು ನೋಡಿಕೊಳ್ಳಿ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ ಆಗಬೇಕು.

## ಹಂತ 6: ಲೋಡ್ ಹತ್ತುವಾಗ ನೀವು ಅಲ್ಲೇ ಇರಿ

ಹಮಾಲರು ಲೋಡ್ ಮಾಡುವಾಗ ಮಲಗಿ ಎದ್ದರೆ ಆಗುವುದಿಲ್ಲ. ಹಗ್ಗ, ಬಿಗಿ, ಎತ್ತರ, ಕೊನೆಗೆ ಎಲ್ಲದರ ಹೊಣೆ ಡ್ರೈವರದ್ದೇ.

ತೂಕದ ಲೆಕ್ಕ ಹೀಗೆ ಮಾಡಿ. 2018ರಲ್ಲಿ ಬಂದ ಬದಲಾವಣೆ ಪ್ರಕಾರ ಎರಡು ಆಕ್ಸಲ್‌ನ ಆರು ಟೈರ್ ಲಾರಿಯ ಒಟ್ಟು ತೂಕ ಗರಿಷ್ಠ 18.5 ಟನ್, ಮೂರು ಆಕ್ಸಲ್‌ನ ಹತ್ತು ಟೈರ್ ಲಾರಿಗೆ 28.5 ಟನ್. ನಿಮ್ಮ ಆರ್‌ಸಿಯಲ್ಲಿ ಕಮ್ಮಿ ಇದ್ದರೆ ಆರ್‌ಸಿ ಅಂಕಿಯೇ ಅಂತಿಮ. ಅದರಲ್ಲಿ ಖಾಲಿ ಗಾಡಿ ತೂಕ ಕಳೆದರೆ ಉಳಿಯುವುದು ಲೋಡ್. ಒಂದು ಕ್ರೇಟ್ ಟೊಮೆಟೊ 15 ಕೆಜಿ, 700 ಕ್ರೇಟ್ ಅಂದರೆ 10.5 ಟನ್. ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ. ಕ್ರೇಟಿನ ಪ್ಲಾಸ್ಟಿಕ್‌ಗೂ ತೂಕ ಇದೆಯಲ್ಲ? ಒಂದಕ್ಕೆ ಒಂದೂವರೆ ಕೆಜಿ ಹಿಡಿದರೂ 700ಕ್ಕೆ ಟನ್ ಮೇಲಾಯಿತು. ಕಾಯಿ ಮಳೆಯಲ್ಲಿ ನೆಂದಿದ್ದರೆ ಇನ್ನೂ ಜಾಸ್ತಿ. ವೇ ಬ್ರಿಡ್ಜ್ ಚೀಟಿ ಇಲ್ಲದೆ ಹೊರಡಬೇಡಿ. ಓವರ್‌ಲೋಡ್‌ಗೆ ಕಾನೂನಿನಲ್ಲಿ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. ದಂಡಕ್ಕಿಂತ ದೊಡ್ಡ ಲೆಕ್ಕ ಇಳಿಜಾರಿನದು. ಬ್ರೇಕ್ ಅಷ್ಟೇ ಇರುತ್ತದೆ, ತಡೆಯಬೇಕಾದ ತೂಕ ಮಾತ್ರ ಏರಿರುತ್ತದೆ.

ಕ್ರೇಟ್‌ಗಳು ಒಂದರೊಳಗೊಂದು ಕೂತಿರಬೇಕು. ಮುಂದಿನ ಹಲಗೆಗೆ ಒತ್ತಿಕೊಂಡು, ಎಡ ಬಲ ಸಮ ಇರಬೇಕು. ಹಿಂದೆ ಎತ್ತರ, ಮುಂದೆ ತಗ್ಗು ಮಾಡಿದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲುತ್ತದೆ. ಹೊರಟ ಮೇಲೆ ಮುಳಬಾಗಿಲಿನಲ್ಲಿ, ಅಂದರೆ ಸುಮಾರು 30 ಕಿ.ಮೀ. ಆದ ಮೇಲೆ, ಒಮ್ಮೆ ನಿಲ್ಲಿಸಿ ಹಗ್ಗ ಮತ್ತೆ ಬಿಗಿ ಮಾಡಿ. ಅಷ್ಟರಲ್ಲಿ ಲೋಡ್ ಕೂತು ಹಗ್ಗ ಸಡಿಲ ಆಗಿರುತ್ತದೆ. ಚಕ್ರ ಬಿಚ್ಚಿ ಹಾಕಿದ್ದರೆ ಪಲಮನೇರಿನಲ್ಲಿ ನಟ್ ನೋಡಿ.

## ಹಂತ 7: ಘಾಟ್ ಇಳಿಯುವುದು

ಕೋಲಾರ ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಮೇಲಿದೆ, ಚಿತ್ತೂರು 300 ಮೀಟರ್ ಚಿಲ್ಲರೆ. ನಡುವಿನ ಇಳುಕಲಿನಲ್ಲಿ ದೊಡ್ಡ ಪಾಲು ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟ್‌ನಲ್ಲಿ ಬರುತ್ತದೆ. ರಸ್ತೆ ಅಗಲ ಇದೆ, ಚೆನ್ನಾಗಿದೆ. ಅದೇ ಮೋಸ. ಅಗಲ ರಸ್ತೆಯಲ್ಲಿ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ಸ್ಪೀಡ್ ಏರಿದ್ದು ಗೊತ್ತಾಗುವುದಿಲ್ಲ.

ಘಾಟ್‌ಗೆ ಮುಂಚೆ ಸಮತಟ್ಟಾದ, ರಸ್ತೆಯಿಂದ ಪೂರ್ತಿ ಹೊರಗಿನ ಜಾಗದಲ್ಲಿ ನಿಲ್ಲಿಸಿ. ಏರ್ ಪೂರ್ತಿ ತುಂಬಲಿ. ಗಾಡಿ ಸುತ್ತ ನಡೆದು ಪ್ರತಿ ಹಬ್ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ, ಮುಟ್ಟಬೇಡಿ. ಉಳಿದದ್ದಕ್ಕಿಂತ ಒಂದೇ ಚಕ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಅದು ಸರಿಯಾಗದೆ ಇಳಿಯಬೇಡಿ.

ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮುಂಚೆ. ಅದೇ ಲೋಡ್‌ನಲ್ಲಿ ಆ ದಾರಿಯನ್ನು ಹತ್ತುವುದಾದರೆ ಯಾವ ಗೇರ್ ಬೇಕೋ ಅದೇ ಗೇರ್, ಅಥವಾ ಅದಕ್ಕಿಂತ ಒಂದು ಕೆಳಗೆ. ಎಕ್ಸಾಸ್ಟ್ ಬ್ರೇಕ್, ಅಂದರೆ ಹೊಗೆ ಹೋಗುವ ದಾರಿ ತಡೆದು ಇಂಜಿನ್‌ನಿಂದಲೇ ಗಾಡಿ ನಿಧಾನ ಮಾಡುವ ಬ್ರೇಕ್, ಆನ್. ಗಾಡಿಯನ್ನು ತಡೆದು ಹಿಡಿಯುವ ಕೆಲಸ ಇಂಜಿನ್‌ದು, ಬ್ರೇಕ್ ಪೆಡಲ್ ಅದಕ್ಕೆ ಸಹಾಯ ಮಾತ್ರ.

ಒಂದು ಸ್ಪೀಡ್ ಗೊತ್ತು ಮಾಡಿಕೊಳ್ಳಿ. 40 ಅಂತ ಇಟ್ಟುಕೊಳ್ಳೋಣ. ಮುಳ್ಳು 40 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 32ರ ಹತ್ತಿರ ತನ್ನಿ, ಪೂರ್ತಿ ಬಿಡಿ. ಮತ್ತೆ 40 ಆದಾಗ ಮತ್ತೆ ಒತ್ತಿ. ಪೆಡಲ್ ಮೇಲೆ ಸದಾ ಕಾಲಿಟ್ಟು ಸಣ್ಣಗೆ ಒತ್ತಿಕೊಂಡು ಇಳಿದರೆ ಡ್ರಮ್‌ಗೆ ತಣಿಯಲು ಬಿಡುವೇ ಸಿಗುವುದಿಲ್ಲ. ಪಟಪಟ ಅಂತ ಪಂಪ್ ಮಾಡಿದರೆ ಏರ್ ಖಾಲಿ ಆಗುತ್ತದೆ. ಎರಡೂ ಬೇಡ.

ನ್ಯೂಟ್ರಲ್ ಬಗ್ಗೆ ನೇರವಾಗಿ ಹೇಳುತ್ತೇನೆ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸುವುದನ್ನು ಹಿರಿಯ ಡ್ರೈವರ್‌ಗಳೇ ಹುಡುಗರಿಗೆ ಕಲಿಸುತ್ತಾರೆ. ಅದು ತಪ್ಪು. ಈಗಿನ ಇಂಜಿನ್‌ಗಳು ಗೇರ್‌ನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಡೀಸೆಲ್ಲನ್ನೇ ತೆಗೆದುಕೊಳ್ಳುವುದಿಲ್ಲ, ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ತೆಗೆದುಕೊಳ್ಳುತ್ತವೆ. ಉಳಿತಾಯವೂ ಇಲ್ಲ, ಇಂಜಿನ್ ಹಿಡಿತವೂ ಇಲ್ಲ. ಸ್ಪೀಡ್ ಏರಿದ ಮೇಲೆ ಗೇರ್ ಮತ್ತೆ ಬೀಳುವುದಿಲ್ಲ.

ಅಪಾಯದ ಸೂಚನೆಗಳು: ಲೈನರ್ ಸುಟ್ಟ ವಾಸನೆ. ಕನ್ನಡಿಯಲ್ಲಿ ಚಕ್ರದ ಹತ್ತಿರ ಹೊಗೆ. ಮೊದಲಿನಷ್ಟೇ ಹಿಡಿತಕ್ಕೆ ಈಗ ಜಾಸ್ತಿ ಒತ್ತಬೇಕಾಗಿರುವುದು. ಏರ್ ಮುಳ್ಳು 6ರ ಕೆಳಗೆ ಬರುವುದು. ಇವುಗಳಲ್ಲಿ ಒಂದು ಕಂಡರೂ ಇನ್ನೂ ಬ್ರೇಕ್ ಉಳಿದಿರುವಾಗಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಕಾದ ಡ್ರಮ್ ಮೇಲೆ ನೀರು ಹಾಕಬೇಡಿ, ಬಿರುಕು ಬಿಡುತ್ತದೆ. ಗೇರ್‌ನಲ್ಲಿಟ್ಟು ಚಕ್ರಕ್ಕೆ ಮರ ಕೊಡಿ, ತಾನಾಗಿ ತಣಿಯಲು ಬಿಡಿ. ಅರ್ಧ ಗಂಟೆಗೂ ಜಾಸ್ತಿ ಬೇಕಾಗಬಹುದು. ಮಂಡಿಯವರು ಫೋನ್ ಮಾಡಿದರೆ ಮಾಡಲಿ.

ಬ್ರೇಕ್ ಹಿಡಿಯದೇ ಹೋದರೆ: ಇಂಜಿನ್ ಆಫ್ ಮಾಡಬೇಡಿ, ಸ್ಟೀರಿಂಗ್ ಭಾರ ಆಗುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಇರುವ ಗೇರ್ ಬಿಡಬೇಡಿ. ಸ್ಪೀಡ್ ಏರಿದಾಗ ಗೇರ್ ಬದಲಿಸಲು ಹೋಗಿ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡವರೇ ಹೆಚ್ಚು. ಎಕ್ಸಾಸ್ಟ್ ಬ್ರೇಕ್ ಹಿಡಿದಿರಲಿ, ಹ್ಯಾಂಡ್ ಬ್ರೇಕ್ ಲಿವರನ್ನು ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪವೇ ಎಳೆಯಿರಿ. ಹೆಡ್‌ಲೈಟ್, ಹಜಾರ್ಡ್, ಹಾರ್ನ್ ಮೂರೂ ಹಾಕಿ. ಸಾಧ್ಯವಾದಷ್ಟು ಬೇಗ, ಸ್ಪೀಡ್ ಇನ್ನೂ ಕಮ್ಮಿ ಇರುವಾಗಲೇ, ಬೆಟ್ಟದ ಬದಿಯ ಮಣ್ಣಿನ ದಿಬ್ಬಕ್ಕೆ, ಪೊದೆಗೆ, ಮರಳಿಗೆ ಗಾಡಿ ಉಜ್ಜಿ. ಕಣಿವೆ ಬದಿಗೆ ಹೋಗಬೇಡಿ, ಡಿವೈಡರ್ ದಾಟಬೇಡಿ. ಆ ಕಡೆಯಿಂದ ಬಸ್ಸು ಬರುತ್ತಿರುತ್ತದೆ. ಸೀಟ್ ಬೆಲ್ಟ್ ಹಾಕಿದ್ದರೆ ಇಷ್ಟೂ ಮಾಡಲು ನೀವು ಸೀಟಿನಲ್ಲಿ ಇರುತ್ತೀರಿ.

## ಹಂತ 8: ನಿದ್ದೆ, ನಿಲುಗಡೆ

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ಪ್ರಕಾರ ದಿನಕ್ಕೆ 8 ಗಂಟೆ ಕೆಲಸ, ಒಂದೇ ಸಮ 5 ಗಂಟೆ ಕೆಲಸ ಆದಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ ಇತ್ತು. ಮಂಡಿಯಲ್ಲಿ ಬೆಳಿಗ್ಗೆಯಿಂದ ಕಾದು ರಾತ್ರಿ ಹೊರಡುವವರಿಗೆ ಇದು ಕಾಗದದ ಮೇಲಿನ ಮಾತು ಅನಿಸಬಹುದು. ಆದರೂ ಕಾಯುವ ಹೊತ್ತಿನಲ್ಲಿ ಗಾಡಿ ಚೆಕ್ ಮುಗಿಸಿ ಉಳಿದದ್ದನ್ನು ನಿದ್ದೆಗೆ ಕೊಡಿ, ಫೋನ್‌ಗೆ ಅಲ್ಲ. ಹೋದ ಮೈಲಿಗಲ್ಲು ನೆನಪಿಲ್ಲ, ಗಾಡಿ ಲೇನ್ ಗೆರೆ ಮೇಲೆ ಹೋಗುತ್ತಿದೆ, ಆಕಳಿಕೆ ನಿಲ್ಲುತ್ತಿಲ್ಲ ಅಂದರೆ ಟೀ ಕುಡಿದು ಪ್ರಯೋಜನ ಇಲ್ಲ. ಲೇ ಬೈ (ಹೈವೇ ಪಕ್ಕ ಗಾಡಿ ನಿಲ್ಲಿಸಲು ಮಾಡಿದ ಜಾಗ) ಅಥವಾ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ.

ಹೈವೇ ಅಂಚಿನಲ್ಲಿ ನಿಲ್ಲಿಸಿ ಮಲಗುವುದು ಬೇಡವೇ ಬೇಡ. ಕೆಟ್ಟು ನಿಂತರೆ ಹಜಾರ್ಡ್ ಹಾಕಿ, ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ತಿರುವಿನ ಹತ್ತಿರ ಆದರೆ ತಿರುವಿಗೂ ಹಿಂದೆ. ಕಲ್ಲು, ಮರದ ಕೊಂಬೆ ಇಡಬೇಡಿ. ರಾತ್ರಿ ಅವು ಕಾಣುವುದಿಲ್ಲ, ಹೊರಡುವಾಗ ಬಿಟ್ಟು ಹೋದರೆ ಬೈಕಿನವರು ಬೀಳುತ್ತಾರೆ. ಹೈವೇ ಸಹಾಯಕ್ಕೆ 1033, ತುರ್ತಿಗೆ 112, ಆಂಬುಲೆನ್ಸ್‌ಗೆ 108.

## ಹಂತ 9: ಅನ್‌ಲೋಡ್ ಆದಮೇಲೆ

ಚೆನ್ನೈನ ಕೋಯಂಬೇಡು ಮಾರ್ಕೆಟ್‌ನಲ್ಲಿ ಮಾಲು ಇಳಿಸಿದ ಮೇಲೆ ಗಾಡಿ ಹಗುರ, ಡ್ರೈವರ್ ಸುಸ್ತು. ಚೆಕ್ ಮಾಡುವುದನ್ನು ಬಿಟ್ಟುಬಿಡುವುದು ಇಲ್ಲೇ. ಖಾಲಿ ಲಾರಿ ಬೇಗ ನಿಲ್ಲುತ್ತದೆ ಅಂತ ಅಂದುಕೊಳ್ಳಬೇಡಿ. ತೂಕ ಇಲ್ಲದ ಹಿಂದಿನ ಚಕ್ರ ಒದ್ದೆ ರಸ್ತೆಯಲ್ಲಿ ಬೇಗ ಲಾಕ್ ಆಗಿ ಜಾರುತ್ತದೆ, ಗಾಡಿ ಅಡ್ಡ ತಿರುಗುತ್ತದೆ. ಮುಂದಿನ ಗಾಡಿಯಿಂದ ಲೋಡ್‌ನಲ್ಲಿ ಬಿಟ್ಟಷ್ಟೇ ದೂರ ಬಿಡಿ.

ಹಗ್ಗ ಸುತ್ತಿಡುವ ಮುಂಚೆ ಟೈರ್ ರಾಡ್‌ನಿಂದ ಹೊಡೆದು ನೋಡಿ, ಪಟ್ಟಾ ನೋಡಿ, ದೀಪ ನೋಡಿ. ಊರು ಸೇರಿ ಗಾಡಿ ನಿಲ್ಲಿಸಿದಾಗ ಟ್ಯಾಂಕ್ ನೀರು ಬಿಡಿ. ದಾರಿಯಲ್ಲಿ ಕಂಡ ದೋಷಗಳನ್ನು ನೋಟ್‌ಬುಕ್‌ನಲ್ಲಿ ತಾರೀಕು, ಕಿಲೋಮೀಟರ್ ಸಮೇತ ಬರೆಯಿರಿ: 'ಎಡ ಹಿಂದಿನ ಪುಶ್ ರಾಡ್ ಒಂದೂವರೆ ಇಂಚು, ಬಲ ಒಂದು ಇಂಚು' ಅನ್ನುವ ಹಾಗೆ. 'ಬ್ರೇಕ್ ಸರಿ ಇಲ್ಲ' ಅಂತ ಬಾಯಲ್ಲಿ ಹೇಳಿದರೆ ಓನರ್ 'ಮುಂದಿನ ಟ್ರಿಪ್‌ಗೆ ನೋಡೋಣ' ಅನ್ನುತ್ತಾರೆ. ಆ ಪುಟದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ. ರಿಪೇರಿ ಆದಮೇಲೆ ಅದೇ ಸಾಲಿನ ಪಕ್ಕದಲ್ಲಿ ಯಾವತ್ತು, ಏನು ಬದಲಿಸಿದರು ಅಂತ ಬರೆಯಿರಿ. ಮುಂದಿನ ಲೋಡ್‌ಗೆ ಪಾಳಿ ಕಾಯುವಾಗ ಮೊದಲು ಅಳೆಯಬೇಕಾದ ಚಕ್ರ ಅದೇ.